ಅಮ್ಮ ಕೇಳಿದ ಕ್ಯಾಸೆಟ್

ಬಸ್ಸಿನ ಸೀಟಿನ ಮೇಲೆ ಕೂತವರು ಅದನ್ನು ಹೊಲಿದವರ ಬಗ್ಗೆ ಯೋಚಿಸುವುದಿಲ್ಲ. ಯೋಚಿಸಬೇಕಾಗಿಯೂ ಇಲ್ಲ ಬಿಡಿ. ಸೀಟು ಚುಚ್ಚಿದರೆ ಮಾತ್ರ ಬೈಯುತ್ತಾರೆ. ಗೊಗ್ಗರಿ ಹೊಲಿದ ಸೀಟು ಚುಚ್ಚುವುದಿಲ್ಲ, ಹಾಗಾಗಿ ಅವಳ ಸುದ್ದಿ ಯಾರ ಬಾಯಿಗೂ ಬಂದಿಲ್ಲ. ಬಸ್ ಡಿಪೋ ಹಿಂದಿನ ಗಲ್ಲಿಯಲ್ಲಿ, ತಗಡಿನ ಷಟರ್ ಇರುವ ಉದ್ದನೆಯ ಕೋಣೆಯೊಂದು ಅವಳ ಕಾರ್ಖಾನೆ. ಒಂದು ಗೋಡೆಗೆ ಒರಗಿಸಿಟ್ಟ ಬೋಳು ಸೀಟುಗಳು, ಇನ್ನೊಂದು ಗೋಡೆಗೆ ಸುರುಳಿ ಸುತ್ತಿದ ರೆಕ್ಸಿನ್, ನಡುವೆ ದಪ್ಪ ಸೂಜಿಯ ಮೆಷಿನ್ನು. ಹರಿದ ಹೊದಿಕೆ ಬಿಚ್ಚುವುದು, ಕುಸಿದ ಫೋಮ್ ಕಿತ್ತೆಸೆಯುವುದು, ಹೊಸದಕ್ಕೆ ಗೋಂದು ಬಳಿದು ಕೂರಿಸುವುದು, ಮೇಲೆ ರೆಕ್ಸಿನ್ ಎಳೆದು ಸುಕ್ಕಿಲ್ಲದ ಹಾಗೆ ಮೊಳೆ ಹೊಡೆಯುವುದು. ಅರವತ್ತಕ್ಕೆ ಹತ್ತಿರವಾಗಿದ್ದರೂ ಅವಳು ರೆಕ್ಸಿನ್ ಎಳೆದರೆ ಗಂಡಸರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ, ಅಳತೆ ಸರಿಹೋಗಲಿಲ್ಲ ಎನ್ನುತ್ತಿದ್ದಳು. ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಈ ಹೆಂಗಸು ಒಂದು ಕಾಲದಲ್ಲಿ ರಾಕ್ ಹಾಡುಗಾರ್ತಿ, ತಾನೇ ಬರೆದು, ತಾನೇ ಗಿಟಾರ್ ಹಿಡಿದು ಇಡೀ ಒಂದು ಆಲ್ಬಮ್ ಹಾಡಿದ್ದಾಳೆ ಎಂದಿದ್ದರೆ ಡಿಪೋದ ಮೆಕ್ಯಾನಿಕ್ಕುಗಳು ಹೊಟ್ಟೆ ಹಿಡಿದು ನಗುತ್ತಿದ್ದರು. ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದಿರಲಿ, ಕೆಲಸ ಮಾಡುವಾಗ ಗುನುಗಿದ್ದನ್ನೂ ಯಾರೂ ಕೇಳಿರಲಿಲ್ಲ. ರೇಡಿಯೋ ಹಾಕಿದರೆ ಆರಿಸು ಎನ್ನುತ್ತಿದ್ದಳು. ಮೆಷಿನ್ ಸದ್ದು ಸಾಲದಾ ನಿಮಗೆ ಎಂದು ಗದರುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಹಳೇ ರೆಕಾರ್ಡುಗಳನ್ನು ಮಾರುವ ಅಂಗಡಿಯವನೊಬ್ಬ ಅವಳ ಷಟರ್ ಎದುರು ಬಂದು ನಿಂತ. ನಲವತ್ತರ ಆಸುಪಾಸು, ಕನ್ನಡಕ, ಮಾತಾಡುವಾಗ ಕೈ ಒಂದು ಕಡೆ ನಿಲ್ಲುವುದಿಲ್ಲ. ಅವಳನ್ನು ಹುಡುಕಿಕೊಂಡು ಎಲ್ಲೆಲ್ಲಿ ಅಲೆದೆ ಎಂದು ಹೇಳಿ ಮುಗಿಸುವುದಕ್ಕೇ ಅವನಿಗೆ ಒಂದು ಲೋಟ ಟೀ ಬೇಕಾಯಿತು. ಹಳೇ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದ ಅವಳ ‘ಹಿಂಬಾಗಿಲು’ ಕ್ಯಾಸೆಟ್ಟು ಅವನ ಕಾಲೇಜು ದಿನಗಳ ಜೀವವಂತೆ. ಅವನ ಹಾಗೇ ತಲೆಕೆಟ್ಟವರು ಇನ್ನೂ ನೂರಿನ್ನೂರು ಜನ ಇದ್ದಾರಂತೆ. ಅದನ್ನು ಮತ್ತೆ ಹೊರತರಬೇಕು, ದೊಡ್ಡ ಕರಿ ರೆಕಾರ್ಡಿನಲ್ಲಿ ತರಬೇಕು, ರೆಕಾರ್ಡಿಂಗ್ ಮಾಡಿದ್ದ ಮುದುಕನ ಮನೆ ಅಟ್ಟದ ಮೇಲೆ ಮೂಲ ಟೇಪೇ ಸಿಕ್ಕಿದೆ ಎಂದ. ಒಂದು ಸಲ ಬಂದು ಕೇಳಿ, ಕೇಳಿ ಹೂಂ ಅನ್ನಿ, ಅಷ್ಟು ಸಾಕು ಎಂದು ಅಂಗಲಾಚಿದ.

ಗೊಗ್ಗರಿ ಮೊಳೆಗಳನ್ನು ಬಾಯಲ್ಲಿ ಕಚ್ಚಿಕೊಂಡು ಕೇಳುತ್ತಿದ್ದಳು. ಒಂದೊಂದೇ ತೆಗೆದು ಹೊಡೆದು ಮುಗಿಸಿ, ನನಗೆ ಅದನ್ನು ಕೇಳುವ ಆಸೆ ಇಲ್ಲ ಎಂದಳು. ಅವನು ಮಾರನೇ ದಿನವೂ ಬಂದ. ಅದರ ಮಾರನೇ ದಿನವೂ ಬಂದ. ಕೊನೆಗೆ ಅವನ ಕಾಟ ತಡೆಯಲಾರದೆ ಹೊರಟಳು ಎಂದು ಅವಳು ಹೇಳಿಕೊಂಡದ್ದು ಸುಳ್ಳು. ಆ ಕ್ಯಾಸೆಟ್ಟಿನ ವಿಷಯ ಅವಳ ಎದೆಯಲ್ಲಿ ಒಂದು ಹುಣ್ಣಾಗಿ ಕೂತಿತ್ತು, ಅದನ್ನು ಮುಟ್ಟಿದ್ದು ಇಷ್ಟು ವರ್ಷಗಳಲ್ಲಿ ಇವನೊಬ್ಬನೇ.

ಆ ಹುಣ್ಣಿನ ಕಥೆ ಮೊದಲು ಹೇಳಬೇಕು.

ಗೊಗ್ಗರಿ ಎಂಬ ಅಡ್ಡಹೆಸರು ಇಟ್ಟವಳು ಅವಳ ಅಮ್ಮ. ಹುಟ್ಟಿದಾಗಿನಿಂದ ಮಗುವಿನ ದನಿ ಗೊಗ್ಗರು. ಅತ್ತರೂ ಗೊಗ್ಗರು, ನಕ್ಕರೂ ಗೊಗ್ಗರು. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುತ್ತಿದ್ದಳು. ದಿನವಿಡೀ ಹಬೆಯಲ್ಲಿ ನಿಂತು ಹಾಸಿಗೆ ಬಟ್ಟೆ ತೀಡಿ, ಸಂಜೆ ಮನೆಗೆ ಬಂದು ಮಕ್ಕಳ ಬಟ್ಟೆಯನ್ನೂ ತೀಡುವಳು. ಅಪ್ಪ ಎಂಬುವನು ಎರಡನೇ ಮಗಳು ಹುಟ್ಟಿದ ಮೇಲೆ ಕಾಲಿಗೆ ಬುದ್ಧಿ ಹೇಳಿದ್ದ. ಅಕ್ಕ ಅಮ್ಮನ ಮಾತು ಮೀರದವಳು. ಗೊಗ್ಗರಿ ಮಾತ್ರ ಅಮ್ಮನ ಪಡಿಯಚ್ಚು, ಅದೇ ಹಟ, ಅದೇ ಬಿಗಿದ ತುಟಿ. ಹಾಗಾಗಿ ಇಬ್ಬರಿಗೂ ದಿನ ಬೆಳಗಾದರೆ ಜಟಾಪಟಿ.

ಹತ್ತೊಂಬತ್ತಕ್ಕೆ ಅವಳು ನಾಲ್ಕು ಹುಡುಗರ ಬ್ಯಾಂಡು ಸೇರಿದಳು. ಆ ಗೊಗ್ಗರು ದನಿಯೇ ಅಲ್ಲಿ ಬಂಡವಾಳವಾಯಿತು. ಡ್ರಮ್ಮು, ಗಿಟಾರುಗಳ ಗದ್ದಲವನ್ನು ಸೀಳಿಕೊಂಡು ಹೋಗುವ ದನಿ. ಬ್ಯಾಂಡಿನವರು ದೊಡ್ಡ ಊರಿಗೆ ಹೋಗಿ ಅದೃಷ್ಟ ನೋಡೋಣ ಎಂದು ಹೊರಟಾಗ ಇವಳೂ ಚೀಲ ಕಟ್ಟಿದಳು. ಅಮ್ಮ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ದನಿ ಏರಿಸದೆ, ಒಂದೇ ಮಾತು ಹೇಳಿದಳು.

“ಹೋಗೋದಾದ್ರೆ ಹೋಗು. ಆದ್ರೆ ನಾನಾಗಿ ಕರೆಯೋ ತನಕ ಈ ಮನೆಗೆ ಬರ್ಬೇಡ.”

ಎಷ್ಟೋ ತಾಯಂದಿರು ಸಿಟ್ಟಿನಲ್ಲಿ ಇಂಥ ಮಾತು ಆಡುತ್ತಾರೆ, ಎಷ್ಟೋ ಮಕ್ಕಳು ಒಂದು ತಿಂಗಳು ಬಿಟ್ಟು ತಲೆ ಕೆರೆದುಕೊಳ್ಳುತ್ತ ಬಾಗಿಲಲ್ಲಿ ನಿಲ್ಲುತ್ತಾರೆ. ಆದರೆ ಈ ತಾಯಿ ಮಗಳನ್ನು ನೀವು ನೋಡಿಲ್ಲ. ಅವಳು ಆಡಿದ ಮಾತಿನಿಂದ ಕದಲುವವಳಲ್ಲ, ಇವಳು ಅದನ್ನು ಮರೆಯುವವಳಲ್ಲ.

ಬ್ಯಾಂಡು ಎರಡು ವರ್ಷ ಬಾಳಿತು. ಗಿಟಾರಿನವನ ಮೇಲೆ ಇವಳು ಜೀವ ಇಟ್ಟುಕೊಂಡಿದ್ದಳು. ಅವನು ಬೇರೊಬ್ಬಳನ್ನು ಕಟ್ಟಿಕೊಂಡು, ಬ್ಯಾಂಡಿನ ಹೆಸರನ್ನೂ ಎತ್ತಿಕೊಂಡು ಹೋದ. ಅವನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಿ ನನ್ನ ಬಾಯಿ ಹೊಲಸು ಮಾಡಿಕೊಳ್ಳಲಾರೆ. ಗೊಗ್ಗರಿ ಒಬ್ಬಳೇ ಉಳಿದಳು. ಸೀಟು ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನೀರಿನ ಟ್ಯಾಂಕಿನ ಪಕ್ಕ, ಮಹಡಿ ಮೇಲೆ, ಕೈ ಚಾಚಿದರೆ ಎರಡೂ ಗೋಡೆಗೆ ತಾಗುವಂಥ ಕೋಣೆ. ಸಂಜೆ ಬಂದು ಗಿಟಾರ್ ಹಿಡಿದು ಕೂರುವಳು. ಮನೆಗೆ ಹೋಗಬೇಕು, ಮನೆಗೆ ಹೋಗಬೇಕು ಎಂದು ಒಂದೇ ಸಮನೆ ಹಂಬಲ. ಕರೆಯದೆ ಹೋಗುವ ಹಾಗಿಲ್ಲ. ಕರಿ ಎಂದು ಕೇಳುವುದಕ್ಕೆ ಹಾಳು ಅಭಿಮಾನ ಬಿಡದು. ಬಾಯಿಬಿಟ್ಟು ಕೇಳಲಾರದ್ದನ್ನು ಅವಳು ಹಾಡಲ್ಲಿ ಕೇಳಿದಳು.

ಒಂಬತ್ತು ಹಾಡುಗಳಾದವು. ಕೊನೆಯದು ‘ಹಿಂಬಾಗಿಲು’. ಅದರ ಪಲ್ಲವಿ ಹೀಗಿತ್ತು:

ಒಂದೇ ಸಲ ಕೂಗು ಸಾಕು, ಊರಾಚೆಯಿಂದ ಓಡಿ ಬರುವೆ
ಹಿಂಬಾಗಿಲ ಚಿಲಕ ತೆಗೆ, ಚಪ್ಪಲಿ ಕೈಲಿ ಹಿಡಿದು ಬರುವೆ

ಅಮ್ಮ ಎಂಬ ಪದ ಹಾಡಿನಲ್ಲಿ ಎಲ್ಲೂ ಇರಲಿಲ್ಲ. ದನಿ ಕೇಳಿದರೆ ಸಾಕು, ಅವಳಿಗೆ ಗೊತ್ತಾಗುತ್ತದೆ ಎಂದು ಗೊಗ್ಗರಿ ನಂಬಿದ್ದಳು. ಹಡೆದವಳಿಗೆ ಗೊತ್ತಾಗದೇ ಇರುತ್ತದೆಯೇ? ಹಾಡುವಾಗ ಒಂದೆರಡು ಕಡೆ ಉಸಿರು ಬಿಕ್ಕಿತ್ತು. ರೆಕಾರ್ಡಿಂಗ್ ಯಜಮಾನ ಮತ್ತೊಮ್ಮೆ ಹಾಡ್ತೀಯಾ ಎಂದು ಕೇಳಿದಾಗ, ಇಲ್ಲ, ಹಾಗೇ ಇರಲಿ ಎಂದಿದ್ದಳು.

ಕ್ಯಾಸೆಟ್ ಕಂಪನಿಯವನು ಕೊನೆಯ ಹಾಡು ಕಿತ್ತುಹಾಕು ಎಂದ. ಅವನ ಹತ್ತಿರ ಇದ್ದ ಖಾಲಿ ಕ್ಯಾಸೆಟ್ಟುಗಳಲ್ಲಿ ಟೇಪು ಚಿಕ್ಕದು, ಒಂಬತ್ತು ಹಾಡು ಹಿಡಿಸುವುದಿಲ್ಲ. ಗೊಗ್ಗರಿ ಪಟ್ಟು ಹಿಡಿದಳು. ಆ ಹಾಡಿಲ್ಲದಿದ್ದರೆ ಕ್ಯಾಸೆಟ್ಟೇ ಬೇಡ, ಬೇಕಾದರೆ ಉಳಿದ ಎಂಟನ್ನೂ ಕಸದ ಬುಟ್ಟಿಗೆ ಹಾಕಿ ಎಂದು ಮೇಜಿನ ಮೇಲೆ ಕೈ ಊರಿ ನಿಂತಳು. ಏನೋ ಮಾಡಿ ಹಿಡಿಸ್ತೀನಿ, ನೀನು ಮನೆಗೆ ಹೋಗು ಎಂದು ರೆಕಾರ್ಡಿಂಗ್ ಯಜಮಾನ ಸಮಾಧಾನ ಮಾಡಿ ಕಳಿಸಿದ. ಹೇಗೆ ಹಿಡಿಸಿದಿರಿ ಎಂದು ಅವಳು ಆಮೇಲೆ ಕೇಳಲಿಲ್ಲ.

ಕ್ಯಾಸೆಟ್ ಕೈಗೆ ಬಂದ ದಿನ ಕೋಣೆಯಲ್ಲಿ ಕೂತು ತನ್ನ ಟೇಪ್ ರೆಕಾರ್ಡರಿನಲ್ಲಿ ಹಾಕಿ ಕೇಳಿದಳು. ಗುಜರಿಯಲ್ಲಿ ಕೊಂಡ ಮುದಿ ಯಂತ್ರ ಅದು, ಒಳಗಿನ ಬೆಲ್ಟು ಸಡಿಲ, ಯಾವ ಹಾಡು ಹಾಕಿದರೂ ತುಸು ಎಳೆದೆಳೆದು ಹಾಡುತ್ತಿತ್ತು. ಆವತ್ತು ಮಾತ್ರ ತಾನು ಹಾಡಿದ ಹಾಗೇ ಕೇಳಿಸಿತು. ಸರಿಯಾಗಿ ಬಂದಿದೆ ಎಂದು ಕಣ್ಣೊರೆಸಿಕೊಂಡು ಮುಚ್ಚಿಟ್ಟಳು. ಬ್ಯಾಂಡಿನ ಹಳೇ ಗೆಳೆಯನೊಬ್ಬ ಊರಿಗೆ ಹೊರಟಿದ್ದ. ಅವನ ಕೈಲಿ ಒಂದು ಕ್ಯಾಸೆಟ್ ಕೊಟ್ಟು, ಅಮ್ಮನ ಕೈಗೇ ಕೊಡು, ಬೇರೇನೂ ಹೇಳಬೇಡ ಎಂದಳು. ತಾನು ಕೆಲಸ ಮಾಡುವ ಅಂಗಡಿಯ ಫೋನ್ ನಂಬರನ್ನು ಕ್ಯಾಸೆಟ್ ಡಬ್ಬಿಯ ಮೇಲೆ ಪೆನ್ನಲ್ಲಿ ಬರೆದಳು.

ಆಮೇಲೆ ಕಾದಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಅಂಗಡಿಯ ಫೋನು ಹೊಡೆದುಕೊಂಡರೆ ಕೈಯ ಸೂಜಿ ತಪ್ಪುತ್ತಿತ್ತು. ಕ್ಯಾಸೆಟ್ಟು ಹೆಚ್ಚೇನೂ ಮಾರಲಿಲ್ಲ, ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಪತ್ರಿಕೆಯವನೊಬ್ಬ ‘ಹುಡುಗಾಟದ ಉಲ್ಲಾಸದ ದನಿ’ ಎಂದು ನಾಲ್ಕು ಸಾಲು ಬರೆದಿದ್ದ. ಕೇಳದೇ ಬರೆದಿದ್ದಾನೆ ಮುಠ್ಠಾಳ ಎಂದು ಬೈದುಕೊಂಡಳು. ನಿನ್ನ ದನಿ ಏನು ಇಷ್ಟು ತೆಳ್ಳಗಾಗಿದೆ ಎಂದ ಡ್ರಮ್ಮಿನವನನ್ನು, ಹೊಟ್ಟೆಕಿಚ್ಚು ನಿಂಗೆ ಎಂದು ಸುಮ್ಮನಾಗಿಸಿದಳು. ಅವಳಿಗೆ ಬೇಕಾಗಿದ್ದು ಒಂದೇ ಕರೆ. ಅದು ಬರಲಿಲ್ಲ. ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ನಾಲ್ಕನೇ ವರ್ಷ ಬಂದ ಫೋನು ಅಕ್ಕನದು. ಅಮ್ಮ ಹೋಗಿಬಿಟ್ಟಿದ್ದಳು.

ಗೊಗ್ಗರಿ ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಯಿಲೆ ಬಿದ್ದಾಗಲೂ ತಿಳಿಸಲಿಲ್ಲವಲ್ಲ ಎಂದು ಜಗಳ ಆಡಬೇಕಿತ್ತು, ಆಡಲಿಲ್ಲ. ಮನೆ ತುಂಬ ಜನ. ಅಡುಗೆಮನೆಯ ಮೂಲೆಯಲ್ಲಿ ಅಕ್ಕನನ್ನು ನಿಲ್ಲಿಸಿಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು.

“ಅಮ್ಮ ಕ್ಯಾಸೆಟ್ ಕೇಳಿದ್ಲಾ?”

“ಕೇಳಿದ್ಲು. ದಿನಾ ಕೇಳ್ತಿದ್ಲು.”

ಅಷ್ಟೇ. ದಿನಾ ಕೇಳುತ್ತಿದ್ದಳು! ಮಗಳು ಗಂಟಲು ಹರಿದುಕೊಂಡು ಕರಿ, ಒಂದು ಸಲ ಕರಿ ಎಂದು ಬೇಡಿದ್ದನ್ನು ದಿನಾ ಕೇಳಿ, ದಿನಾ ಸುಮ್ಮನಿದ್ದಳು. ಕೇಳಿಲ್ಲ ಎಂದಿದ್ದರೆ ಗೊಗ್ಗರಿ ಅತ್ತು ಹಗುರಾಗುತ್ತಿದ್ದಳೇನೋ. ಅವಳು ಅಳಲಿಲ್ಲ. ವಾಪಸು ಬಂದು ಗಿಟಾರನ್ನು ಯಾರಿಗೋ ಕೊಟ್ಟಳು, ತನ್ನ ಹತ್ತಿರ ಉಳಿದಿದ್ದ ಕ್ಯಾಸೆಟ್ಟನ್ನು ಎಸೆದಳು, ಬಾಯಿಗೆ ಬೀಗ ಹಾಕಿದಳು. ಅಮ್ಮನ ಮೇಲಿನ ಸಿಟ್ಟೇ ಅವಳಿಗೆ ಊರುಗೋಲಾಯಿತು. ಅದನ್ನು ಹಿಡಿದುಕೊಂಡೇ ದುಡಿದಳು, ಸ್ವಂತ ಅಂಗಡಿ ಮಾಡಿದಳು, ತಲೆ ನರೆಸಿಕೊಂಡಳು. ಕೆಲವು ವರ್ಷಗಳ ಹಿಂದೆ ಅಕ್ಕ ಭಾವ ಇದೇ ಊರಿಗೆ ಬಂದು ನೆಲೆಸಿದರೂ ಇಬ್ಬರ ನಡುವೆ ಹೋಗಿಬರುವುದು ಅಷ್ಟಕ್ಕಷ್ಟೆ. ಇಷ್ಟು ಅವಳ ಹಿಂದಿನ ಕಥೆ.

ಈಗ ಅಂಗಡಿಯವನ ಕಡೆ ಬರೋಣ. ಅವನ ಅಂಗಡಿ ನೆಲಮಾಳಿಗೆಯಲ್ಲಿ. ಗೋಡೆ ಕಾಣದ ಹಾಗೆ ರೆಕಾರ್ಡುಗಳು, ಹಳೇ ರಟ್ಟಿನ ವಾಸನೆ, ಮೂಲೆಯಲ್ಲಿ ಕುಸಿದ ಒಂದು ಸೋಫಾ. ಗೊಗ್ಗರಿ ಅದರ ಮೇಲೆ ಕೂತು, ಇದರ ಸ್ಪ್ರಿಂಗ್ ಸತ್ತಿದೆ, ಕಳಿಸಿಕೊಡು, ಸರಿಮಾಡಿ ಕೊಡ್ತೀನಿ ಎಂದಳು. ಎದೆ ಹೊಡೆದುಕೊಳ್ಳುತ್ತಿರುವಾಗ ಮನುಷ್ಯರು ಇಂಥ ಮಾತನ್ನೇ ಆಡುವುದು.

ಅವನು ಮೂಲ ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದ. ಕೊನೆಯ ಹಾಡೇ ಹಾಕಿದ. ಸ್ಪೀಕರಿನಿಂದ ಗಿಟಾರ್ ಬಂತು, ಆಮೇಲೆ ಅವಳ ದನಿ ಬಂತು. ದಪ್ಪ, ಗೊಗ್ಗರು, ಸುಸ್ತಾದ ದನಿ. ನೀರಿನ ಟ್ಯಾಂಕಿನ ಪಕ್ಕದ ಆ ಕೋಣೆಯೇ ಎದ್ದು ಬಂದು ಎದುರಿಗೆ ನಿಂತಿತು. ‘ಒಂದೇ ಸಲ ಕೂಗು ಸಾಕು’ ಎನ್ನುವಾಗ ಉಸಿರು ಬಿಕ್ಕಿದ್ದು ಹಾಗೇ ಇತ್ತು. ಗೊಗ್ಗರಿ ಸೋಫಾದ ಅಂಚನ್ನು ಹಿಡಿದುಕೊಂಡು ಪೂರ್ತಿ ಕೇಳಿದಳು. ಅಂಗಡಿಯವನು ಅವಳ ಮುಖವನ್ನೇ ನೋಡುತ್ತಿದ್ದ. ಇದು ಸರಿಯಾಗಿದೆಯಾ ಎಂದು ಹೆದರಿ ಹೆದರಿ ಕೇಳಿದ. ಸರಿಯಾಗಿದೆ, ಹೀಗೇ ಹಾಡಿದ್ದು ಎಂದಳು.

ಅವನು ಹಣೆ ತೀಡಿಕೊಂಡ. ಹಾಗಾದರೆ ಕ್ಯಾಸೆಟ್ಟಿನಲ್ಲಿ ಬೇರೆ ಥರ ಇದೆಯಲ್ಲ, ನಾವೆಲ್ಲ ಇಷ್ಟು ವರ್ಷ ಕೇಳಿದ್ದು ಬೇರೆಯೇ ಅಲ್ಲವಾ ಎಂದು ಗೊಣಗುತ್ತ ತನ್ನ ಕ್ಯಾಸೆಟ್ಟನ್ನು ಒಳ್ಳೆಯ ಯಂತ್ರವೊಂದಕ್ಕೆ ಹಾಕಿದ. ಅದೇ ಗಿಟಾರ್, ಆದರೆ ಚುರುಕು. ಅದೇ ಪಲ್ಲವಿ, ಆದರೆ ಹಾಡುತ್ತಿದ್ದವಳು ಒಬ್ಬ ಹುಡುಗಿ. ತೆಳು ದನಿ, ಗೊಗ್ಗರಿನ ಸುಳಿವಿಲ್ಲ. ಕುಣಿಕುಣಿದು, ನಗುನಗುತ್ತ, ಯಾರನ್ನೋ ಕೀಟಲೆ ಮಾಡುವ ಹಾಗೆ ‘ಒಂದೇ ಸಲ ಕೂಗು ಸಾಕು’ ಎನ್ನುತ್ತಿದ್ದಳು. ಉಸಿರು ಬಿಕ್ಕಿದ ಜಾಗದಲ್ಲಿ ಕಿಸಕ್ಕನೆ ನಗು ಬಂದಂತೆ ಕೇಳಿಸುತ್ತಿತ್ತು.

“ಇವಳ್ಯಾರು?” ಎಂದಳು ಗೊಗ್ಗರಿ.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವನು ನಕ್ಕ. ಅವಳು ನಗದೇ ಇದ್ದುದನ್ನು ನೋಡಿ ನಿಲ್ಲಿಸಿದ. ರೆಕಾರ್ಡಿಂಗ್ ಮುದುಕನಿಗೆ ಫೋನ್ ಹಚ್ಚಿ, ಅವಳಿಗೂ ಕೇಳಿಸುವ ಹಾಗೆ ಇಟ್ಟ. ಎಂಬತ್ತು ದಾಟಿದ ಮುದುಕನಿಗೆ ಎಲ್ಲ ನೆನಪಿತ್ತು. ಖುಷಿಯಿಂದಲೇ ಹೇಳಿದ.

“ಟೇಪು ಸಾಲ್ತಿರ್ಲಿಲ್ಲ. ಕೊನೇ ಹಾಡು ಬಿಡಲ್ಲ ಅಂತ ನೀನು ಹಟ ಮಾಡಿದ್ದೆ. ಪಾಪ ಹುಡುಗಿ ಅಳೋ ಹಾಗಿದಾಳೆ ಅಂತ ಕಾಪಿ ಮಾಡುವಾಗ ಸ್ವಲ್ಪ ಜೋರಾಗಿ ಓಡಿಸ್ದೆ. ಒಂಬತ್ತೂ ಹಿಡೀತು ನೋಡು. ಯಾರಿಗೂ ಗೊತ್ತೇ ಆಗ್ಲಿಲ್ಲ.”

ಯಾರಿಗೂ ಗೊತ್ತಾಗಲಿಲ್ಲ, ನಿಜ. ಅವಳಿಗೇ ಗೊತ್ತಾಗಿರಲಿಲ್ಲ. ಎಳೆದು ಹಾಡುವ ಅವಳ ಮುದಿ ಯಂತ್ರ, ಓಡುವ ಕ್ಯಾಸೆಟ್ಟನ್ನು ಹಿಡಿದು ನಿಲ್ಲಿಸಿ ಸರಿಯಾದ ದನಿ ಕೇಳಿಸಿತ್ತು. ಇಡೀ ಲೋಕದಲ್ಲಿ ಆ ಹಾಡು ಸರಿಯಾಗಿ ಕೇಳಿಸಿದ್ದು ಆ ಒಂದು ಕೋಣೆಯಲ್ಲಿ, ಹಾಡಿದವಳಿಗೆ ಮಾತ್ರ.

ಅಂಗಡಿಯವನಿಗೆ ಹಿಡಿಸಲಾರದಷ್ಟು ಸಂತೋಷ. ಇಷ್ಟು ವರ್ಷ ಯಾರೂ ಕೇಳದ ನಿಜವಾದ ದನಿ, ಇದನ್ನೇ ಹೊರತರೋಣ, ಕೇಳಿದವರು ಬೆಚ್ಚಿಬೀಳುತ್ತಾರೆ ಎಂದು ಕೈ ಬೀಸಿ ಬೀಸಿ ಮಾತಾಡಿದ. ತರೋಣ, ಇದನ್ನೇ ತಾ ಎಂದಳು ಅವಳು. ಎಲ್ಲರೂ ಕೇಳಲಿ, ಆಗಲಾದರೂ ಗೊತ್ತಾಗಲಿ ಎಂದು ಅವಳಿಗೂ ಅನ್ನಿಸಿತ್ತು. ಆದರೆ ಅವಳ ಮನಸ್ಸು ಅಲ್ಲಿರಲಿಲ್ಲ. ಆ ಹಾಡನ್ನು ತನ್ನ ಫೋನಿಗೆ ಹಾಕಿಸಿಕೊಂಡು, ಸೀದಾ ಅಕ್ಕನ ಮನೆ ಕಡೆಯ ಬಸ್ಸು ಹತ್ತಿದಳು.

ಅಕ್ಕನ ಮನೆ ಮೂರನೇ ಮಹಡಿಯಲ್ಲಿ. ಭಾವ ಒಳಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಅಕ್ಕ ಬಾಗಿಲು ತೆಗೆದವಳು, ಏನೇ ಇದು, ದಾರಿ ತಪ್ಪಿ ಬಂದ್ಯಾ ಎಂದು ಚುಚ್ಚಿದಳು. ತಂಗಿಯ ಮುಖ ನೋಡಿ ಮುಂದಿನ ಮಾತು ನುಂಗಿಕೊಂಡಳು. ಇಬ್ಬರೂ ಅಡುಗೆಮನೆಯ ಮೇಜಿನ ಹತ್ತಿರ ಕೂತರು. ಗೊಗ್ಗರಿ ಸುತ್ತುಬಳಸಿ ಮಾತಾಡಲಿಲ್ಲ. ಅಮ್ಮ ಕ್ಯಾಸೆಟ್ ಕೇಳುವಾಗ ಏನು ಹೇಳುತ್ತಿದ್ದಳು ಎಂದು ಕೇಳಿದಳು. ಇಷ್ಟು ವರ್ಷ ಬಿಟ್ಟು ಈಗ ಯಾಕೆ ಎಂದು ಅಕ್ಕ ಹುಬ್ಬು ಗಂಟಿಕ್ಕಿದಳು. ಆಮೇಲೆ, ಮೇಜಿನ ಮೇಲಿನ ಬಟಾಣಿ ಸುಲಿಯುತ್ತಲೇ ಹೇಳಲು ಶುರುಮಾಡಿದಳು.

ಕ್ಯಾಸೆಟ್ ಬಂದ ದಿನ ಅಮ್ಮ ಆಸ್ಪತ್ರೆಗೆ ರಜೆ ಹಾಕಿದಳಂತೆ. ಪಕ್ಕದ ಮನೆಯಿಂದ ಹೊಸ ಟೇಪ್ ರೆಕಾರ್ಡರ್ ಕೇಳಿ ತಂದು, ಬಾಗಿಲು ಹಾಕಿಕೊಂಡು, ಎರಡೂ ಕಡೆ ಕೇಳಿದಳಂತೆ. ಮೊದಲನೇ ಹಾಡಿಗೇ ಬಾಯಿ ಮೇಲೆ ಕೈ ಇಟ್ಟುಕೊಂಡಳಂತೆ. ಆಮೇಲೆ ನಗಲು ಶುರುಮಾಡಿದಳಂತೆ. ಅಮ್ಮ ಹಾಗೆ ನಕ್ಕದ್ದನ್ನು ಅಕ್ಕ ಅದಕ್ಕೆ ಮೊದಲು ನೋಡಿರಲಿಲ್ಲ.

“ಏನಂದ್ಲು?” ಎಂದಳು ಗೊಗ್ಗರಿ.

“‘ನೋಡೇ, ಗೊಗ್ಗರು ಹೋಗೇಬಿಟ್ಟಿದೆ’ ಅಂದ್ಲು. ‘ಎಷ್ಟು ಖುಷಿಯಾಗಿದಾಳೆ ನೋಡು. ಈ ಮನೇಲಿ ಇದ್ದಾಗ ಒಂದು ದಿನ ಹೀಗೆ ಹಾಡಿದ್ಲಾ? ಇಲ್ಲಿಂದ ಹೋಗಿದ್ದಕ್ಕೇ ಅವಳ ದನಿ ಬಿಚ್ಕೊಂಡಿದೆ’ ಅಂದ್ಲು.”

ಸಾಲ ತಂದ ಟೇಪ್ ರೆಕಾರ್ಡರನ್ನು ಅಮ್ಮ ವಾಪಸು ಕೊಡಲೇ ಇಲ್ಲವಂತೆ, ಕೊನೆಗೆ ಪಕ್ಕದ ಮನೆಯವರಿಗೆ ಬೇರೆಯದನ್ನೇ ಕೊಡಿಸಿದಳಂತೆ. ಸಂಜೆ ಇಸ್ತ್ರಿಗೆ ನಿಂತರೆ ಪಕ್ಕದಲ್ಲಿ ಅದು ಹಾಡುತ್ತಿರಬೇಕು. ಕೊನೆಯ ಹಾಡು ಬಂದರೆ ಅಮ್ಮನ ಕಾಲು ತಾಳ ಹಾಕುತ್ತಿತ್ತಂತೆ. ಒಂದೇ ಸಲ ಕೂಗು ಸಾಕು ಎಂದು ಯಾವನಿಗೋ ಹೇಳ್ತಿದಾಳೆ ಕಳ್ಳಿ, ಒಳ್ಳೆಯವನಾಗಿದ್ದರೆ ಸಾಕು ಎಂದು ನಗುತ್ತಿದ್ದಳಂತೆ.

ಹಾಗಾದರೆ ನನ್ನನ್ನು ಕರೆಯಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲವಾ ಎಂದು ಗೊಗ್ಗರಿ ಕೇಳಿದಳು.

ಅಕ್ಕನ ಕೈ ನಿಂತಿತು. “ಅನ್ಸಿಲ್ವಾ? ನಾನೇ ಎಷ್ಟು ಸಲ ಹೇಳಿದೀನಿ, ಕರೆದುಬಿಡಮ್ಮ ಸಾಕು ಅಂತ. ಒಂದ್ಸಲ ಮೂಲೆ ಅಂಗಡಿ ಫೋನ್ ತನಕ ಹೋದ್ಲು, ಆ ಡಬ್ಬಿ ಕೈಲಿ ಹಿಡ್ಕೊಂಡು. ಫೋನ್ ಎತ್ತಿ, ಮತ್ತೆ ಇಟ್ಟು ಬಂದ್ಲು. ‘ನಾನು ಕರೆದ್ರೆ ಎಲ್ಲಾ ಬಿಟ್ಟು ಬಂದ್ಬಿಡ್ತಾಳೆ. ಬಂದ್ರೆ ಮತ್ತೆ ಅದೇ ಗೊಗ್ಗರು. ನನ್ನ ಆಸೆಗೆ ಅವಳ ಖುಷಿ ಕಿತ್ಕೋಬಾರ್ದು’ ಅಂದ್ಲು. ಕಾಯಿಲೆ ಬಿದ್ದಾಗ್ಲೂ ಅದೇ ಮಾತು. ಹೇಳಿದ್ರೆ ನನ್ನಾಣೆ ಅಂದ್ಲು.”

ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಇದನ್ನೆಲ್ಲ ಅವತ್ತು ಯಾಕೆ ಹೇಳಲಿಲ್ಲ ಎಂದು ಗೊಗ್ಗರಿ ಕೇಳಿದಳೋ ಇಲ್ಲವೋ, ಅಕ್ಕ ತಾನಾಗಿಯೇ ಹೇಳಿದಳು. ಅವತ್ತು ಅವಳಿಗೂ ಸಿಟ್ಟಿತ್ತು. ಅಷ್ಟು ಖುಷಿಯಾಗಿ ಇರುವವಳಿಗೆ ಒಂದು ಸಲ ಬಂದು ಮುಖ ತೋರಿಸಲು ಏನು ರೋಗ, ಹಾಡಿ ಕುಣಿದುಕೊಂಡು ಇರಲಿ ಬಿಡು ಎಂದು ಹಲ್ಲು ಕಚ್ಚಿಕೊಂಡಿದ್ದಳು. ನೀನು ಒಂದು ಮಾತು ಕೇಳಿದೆ, ನಾನು ಒಂದು ಮಾತು ಹೇಳಿದೆ, ಅಲ್ಲಿಗೆ ಆಯಿತು ಎಂದಳು. ಮನೆತನವೇ ಅಂಥದ್ದು, ಏನು ಮಾಡುವುದು! ಮೂರು ಜನ ಹೆಂಗಸರು, ಮೂವರೂ ಬಾಯಿ ಮುಚ್ಚಿಕೊಂಡೇ ಒಬ್ಬರನ್ನೊಬ್ಬರು ಕಳಕೊಂಡರು.

ಗೊಗ್ಗರಿ ಫೋನ್ ತೆಗೆದು ಮೇಜಿನ ಮೇಲಿಟ್ಟು ಮೂಲ ಹಾಡನ್ನು ಹಾಕಿದಳು. ನಾನು ಹಾಡಿದ್ದು ಹೀಗೆ, ಕ್ಯಾಸೆಟ್ ಮಾಡುವವರು ಜೋರಾಗಿ ಓಡಿಸಿಬಿಟ್ಟರು ಎಂದಷ್ಟೇ ಹೇಳಿದಳು. ಅಕ್ಕ ಮೊದಲು ಅರ್ಥವಾಗದೆ ಕೇಳಿದಳು. ಆ ದಪ್ಪ ದನಿ ಬಂದು ಒಂದೇ ಸಲ ಕೂಗು ಸಾಕು ಎಂದಾಗ ಅವಳ ಕೈಲಿದ್ದ ಬಟಾಣಿ ಮೇಜಿನ ಮೇಲೆ ಉರುಳಿತು. ಚಪ್ಪಲಿ ಕೈಲಿ ಹಿಡಿದು ಬರುವೆ ಎನ್ನುವ ಹೊತ್ತಿಗೆ ಅವಳ ಮುಖ ಕಿವುಚಿಕೊಂಡಿತ್ತು. ಹಾಡು ಮುಗಿಯುವ ಮೊದಲೇ ಫೋನನ್ನು ಅಂಗೈಯಿಂದ ಅದುಮಿ ಹಿಡಿದಳು, ದನಿ ಅವಳ ಬೆರಳುಗಳ ಸಂದಿಯಿಂದ ಬರುತ್ತಲೇ ಇತ್ತು.

“ನಿಲ್ಸೇ. ಇದನ್ನ ಯಾರಿಗೂ ಕೇಳಿಸ್ಬೇಡ.”

“ಯಾಕೆ?”

“ಅಮ್ಮನ ಕಿವಿಗೆ ಬಿದ್ರೆ?”

ಅಮ್ಮ ಹೋಗಿ ಎಷ್ಟೋ ಕಾಲವಾಗಿತ್ತು. ಅಕ್ಕ ದೆವ್ವ ಭೂತ ನಂಬುವವಳೂ ಅಲ್ಲ. ಆದರೂ ಇಬ್ಬರಿಗೂ ಆ ಮಾತು ವಿಚಿತ್ರ ಎನ್ನಿಸಲಿಲ್ಲ. ಗೊಗ್ಗರಿ ಹಾಡು ನಿಲ್ಲಿಸಿದಳು. ಅಕ್ಕ ಎದ್ದು ಬಂದು ಅವಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಅಕ್ಕನೇ ಅಳುತ್ತಿದ್ದಳು. ಗೊಗ್ಗರಿಗೆ ಅಳು ಬರಲಿಲ್ಲ. ಇಷ್ಟು ವರ್ಷ ಹಿಡಿದು ನಡೆದಿದ್ದ ಸಿಟ್ಟನ್ನು ಯಾರೋ ಕೈಯಿಂದ ಕಸಿದುಕೊಂಡಿದ್ದರು. ಅಮ್ಮನನ್ನು ಬೈದುಕೊಳ್ಳುವ ಹಾಗೂ ಇಲ್ಲ ಇನ್ನು. ಬೈದುಕೊಳ್ಳದೆ ಅಮ್ಮನನ್ನು ನೆನೆಸುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಮಾರನೇ ದಿನ ಅಂಗಡಿಯವನು ಕುಣಿದುಕೊಂಡು ಬಂದ. ರಟ್ಟಿನ ಹೊದಿಕೆಗೆ ಚಿತ್ರ ಮಾಡಿಸಿದ್ದ, ‘ಮೊದಲ ಬಾರಿಗೆ ನಿಜವಾದ ದನಿ’ ಎಂದು ಅದರ ಮೇಲೆ ಬರೆಸಿದ್ದ. ಗೊಗ್ಗರಿ ಮೆಷಿನ್ ನಿಲ್ಲಿಸಿ, ಅದು ಬೇಡ, ಕ್ಯಾಸೆಟ್ಟಿನಲ್ಲಿ ಇರುವುದನ್ನೇ ಹಾಕು ಎಂದಳು. ಅದು ತಪ್ಪು ವೇಗ, ಅದು ನೀವೇ ಅಲ್ಲ, ನಿನ್ನೆ ನೀವೇ ಹೂಂ ಅಂದಿರಲ್ಲ ಎಂದು ಅವನು ವಾದಿಸಿದ. ಆ ಹಾಡಿನಲ್ಲಿ ಎಂಥ ನೋವಿದೆ, ಅದನ್ನು ಜನಕ್ಕೆ ಕೇಳಿಸದೆ ಹೂತುಹಾಕುವುದು ಪಾಪ ಎಂದ. ಒಳ್ಳೆಯ ಹುಡುಗ, ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ.

“ಅದನ್ನ ನಾನು ಜನಕ್ಕೆ ಹಾಡಿರ್ಲಿಲ್ಲ ಕಣಪ್ಪ,” ಎಂದಳು ಗೊಗ್ಗರಿ. “ನಮ್ಮಮ್ಮಂಗೆ ಹಾಡಿದ್ದು. ಅವಳು ಯಾವುದನ್ನ ಕೇಳಿದ್ಲೋ, ಹಾಡು ಅದೇ.”

ಮೂಲ ಟೇಪನ್ನು ಮುದುಕನಿಗೇ ವಾಪಸು ಕೊಡು ಎಂದಳು. ಅವನು ಮುಖ ಸಣ್ಣಗೆ ಮಾಡಿಕೊಂಡು ಹೊರಟ. ಹೋಗುವಾಗ ತನ್ನ ಹಳೇ ಕ್ಯಾಸೆಟ್ಟನ್ನೂ ಅದನ್ನು ಹಾಕುವ ಸಣ್ಣ ಯಂತ್ರವನ್ನೂ ಅವಳ ಮೆಷಿನ್ನಿನ ಮೇಲೆ ಇಟ್ಟುಹೋದ. ನಿಮ್ಮ ಹತ್ತಿರ ಒಂದೂ ಇಲ್ಲ ಅಂದಿದ್ದಿರಲ್ಲ ಎಂದ.

ಮಧ್ಯಾಹ್ನ ಡಿಪೋದವರು ಊಟಕ್ಕೆ ಹೋದ ಮೇಲೆ ಗೊಗ್ಗರಿ ಷಟರನ್ನು ಅರ್ಧಕ್ಕೆ ಎಳೆದಳು. ಒಂದು ಬೋಳು ಸೀಟಿನ ಮೇಲೆ ಕೂತು ಕ್ಯಾಸೆಟ್ಟಿನ ಕೊನೆಯ ಹಾಡು ಹಾಕಿದಳು. ಆ ಹುಡುಗಿ ಬಂದಳು, ನಗುನಗುತ್ತ ಹಾಡತೊಡಗಿದಳು. ಇಸ್ತ್ರಿ ಮೇಜಿನ ಪಕ್ಕ ನಿಂತು ಅಮ್ಮ ನಾಲ್ಕು ವರ್ಷ ಸಂಜೆ ಸಂಜೆ ಕೇಳಿದ್ದು ಇವಳನ್ನು. ನಂಬಿದ್ದು ಇವಳನ್ನು. ಇವಳು ಹಾಳಾಗಬಾರದು ಎಂದು ಮಗಳ ಮುಖ ನೋಡದೇ ಸತ್ತಳು. ಗೊಗ್ಗರಿ ಗಂಟಲು ಸರಿಮಾಡಿಕೊಂಡು ಅವಳ ಜೊತೆ ಹಾಡಲು ನೋಡಿದಳು. ಗಂಟಲು ಅಲ್ಲಿಯ ತನಕ ಏರಲಿಲ್ಲ. ಮತ್ತೊಮ್ಮೆ ಎಳೆದು ನೋಡಿದಳು, ದನಿ ಸೀಳಿತು. ವಯಸ್ಸಾಯಿತು ಎಂದುಕೊಂಡಳು. ಆಮೇಲೆ, ವಯಸ್ಸಿದ್ದಾಗಲೂ ತಾನು ಅಷ್ಟು ಎತ್ತರಕ್ಕೆ ಹಾಡಿರಲಿಲ್ಲ, ಅಷ್ಟು ಖುಷಿಯಾಗಿಯೂ ಯಾವತ್ತೂ ಇರಲಿಲ್ಲ ಎಂದು ಹೊಳೆಯಿತು.

ಹಾಡು ಮುಗಿದು ಟೇಪು ಸುಮ್ಮನೆ ಸುತ್ತುತ್ತಿತ್ತು. ಆಗ ಅವಳಿಗೆ ಅಳು ಬಂತು. ಅಳುತ್ತಲೇ, ಪಕ್ಕದಲ್ಲಿ ಯಾರೋ ಕೂತು ಕೇಳುತ್ತಿದ್ದಾರೆ ಎನ್ನುವ ಹಾಗೆ, ಒಂದು ಮಾತು ಹೇಳಿದಳು.

“ಚೆನ್ನಾಗಿದೀನಿ ಕಣಮ್ಮ.”

ಅದೂ ಗೊಗ್ಗರಾಗಿಯೇ ಬಂತು.